ವೈಶಾಖ ಶುದ್ಧ ಪಂಚಮಿ, ಗುರುವಾರ

ನಾನು ಒಂದು ತಾಮ್ರದ ಹಲಗೆ. ಎರಡು ಅಂಗೈ ಸೇರಿಸಿದಷ್ಟು ನನ್ನ ಅಗಲ. ಕೆಂಚನದುರ್ಗದ ಕಾಳೋಜ ನನ್ನನ್ನು ಬಡಿದು ತೆಳ್ಳಗೆ ಮಾಡಿ, ಉಳಿಯಿಂದ ಅಕ್ಷರ ಕೊರೆದ. ಪಾಳೆಯಗಾರ ಬರಮಣ್ಣ ನಾಯಕ ಚಿನ್ನವ್ವ ನಾಗತಿಯನ್ನು ಮದುವೆಯಾದ ದಿನ ಅವಳ ಹೆಸರಿಗೆ ಒಂದು ಹಳ್ಳಿಯನ್ನು ಉಂಬಳಿ ಬಿಟ್ಟಿದ್ದ; ಅದರ ಶಾಸನ ನಾನು. ‘ವಿಕೃತಿ ಸಂವತ್ಸರ, ವೈಶಾಖ ಶುದ್ಧ ಪಂಚಮಿ, ಗುರುವಾರ’ ಎಂಬ ಮದುವೆಯ ದಿನವೇ ನನ್ನ ಮೈಮೇಲಿನ ಮೊದಲ ಸಾಲು.

ಮರುವರ್ಷ, ಖರ ಸಂವತ್ಸರದ ಚೈತ್ರದಲ್ಲಿ, ಗಂಡುಮಗು ಹುಟ್ಟಿತು. ಅದಕ್ಕೆ ಮೂರು ತುಂಬುವ ಮೊದಲೇ ನಾಯಕ ಕುದುರೆಯಿಂದ ಬಿದ್ದು ಸತ್ತ. ಅವನ ತಮ್ಮ ಓಬಣ್ಣನಿಗೆ ಪಟ್ಟ ಬೇಕಿತ್ತು. ಕೂಸು ಅಡ್ಡವಾಗಿತ್ತು.

ಓಬಣ್ಣ ನನ್ನನ್ನು ಕಾಳೋಜನ ಮುಂದೆ ಎಸೆದು, ವಿಕೃತಿ ಅಳಿಸಿ ಖರ ಅಂತ ಕೊರೆ ಎಂದ. ಮದುವೆ ಒಂದು ವರ್ಷ ಮುಂದೆ ಹೋದರೆ, ಕೂಸು ತಾಳಿಗಿಂತ ಒಂದು ತಿಂಗಳು ಮೊದಲೇ ಹುಟ್ಟಿದಂತಾಗುತ್ತದೆ. ಕಾಳೋಜ ಒಲ್ಲೆನೆಂದ. ಆಳುಗಳು ಅವನ ಬಲಗೈಯನ್ನು ಹಿಡಿದು ಬಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದರು. ಆಮೇಲೆ ಅವನು ಕುಲುಮೆ ಊದಿದ. ನನ್ನ ಮೂರು ಅಕ್ಷರ ಬಡಿದು ಮಟ್ಟ ಮಾಡಿ ಎರಡು ಕೊರೆದ. ‘ಗುರುವಾರ’ದ ಬಳಿ ಉಳಿ ನಿಂತಿತು. ವರ್ಷ ಬದಲಾದರೆ ಅದೇ ತಿಥಿಗೆ ವಾರವೂ ಬದಲಾಗುತ್ತದೆಂದು ಅವನಿಗೆ ಗೊತ್ತಿತ್ತು. ಉಳಿಯನ್ನು ಹಾಗೇ ಎತ್ತಿಬಿಟ್ಟ. ಓಬಣ್ಣ ಗಮನಿಸಲಿಲ್ಲ.

ಚಾವಡಿಯಲ್ಲಿ ನನ್ನನ್ನು ಓದಿದರು. ಆ ಮದುವೆಯಲ್ಲಿ ಉಂಡವರೇ ಅಲ್ಲಿ ಕೂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ನಾಗತಿ ಅವರನ್ನು ನೋಡಲೂ ಇಲ್ಲ.

“ಕಾಳೋಜ, ನಿನ್ನ ಕೈಬರಹ ಇದು. ನನ್ನ ಧಾರೆ ಯಾವ ವರ್ಷ ಆತು, ಹೇಳು.”

ಕಾಳೋಜ ನೆಲ ನೋಡಿದ. ಅವಳು ಮಗನನ್ನು ಸೊಂಟಕ್ಕೆ ಹಾಕಿಕೊಂಡು, ಸುಡುಬಿಸಿಲಲ್ಲಿ ಕೋಟೆ ಇಳಿದಳು.

ಅಲ್ಲಿಂದ ನಾನೂರು ವರ್ಷ ನಾನು ಓಬಣ್ಣನ ವಂಶದವರ ದೇವರಗೂಡಿನಲ್ಲಿದ್ದೆ. ನಾಗತಿಯ ವಂಶದವರು ಕೋಟೆಯ ಕೆಳಗೇ ಬೆಳೆದರು. ಅವರಿಗೆ ಊರವರು ಹೆಣ್ಣು ಕೊಡಲಿಲ್ಲ, ಅವರ ಮನೆಯ ನೀರು ಮುಟ್ಟಲಿಲ್ಲ. ‘ಕೂಸು ಮುಂದು, ತಾಳಿ ಹಿಂದು’ ಎಂದು ಅವರ ಮನೆಗೆ ಅಡ್ಡಹೆಸರು. ಅವರು ಎದುರಾಡಿದಾಗಲೆಲ್ಲ ಓಬಣ್ಣನ ಮನೆಯವರು ನನ್ನನ್ನು ಹೊರತೆಗೆದು, ಹುಣಿಸೆಹಣ್ಣು ಹಚ್ಚಿ ತಿಕ್ಕಿ, ಹಿಡಿದು ತೋರಿಸುತ್ತಿದ್ದರು.

ಕೊನೆಗೆ ಆ ಮನೆಯ ಓಬಳೇಶಪ್ಪನಿಗೆ ವಂಶಾವಳಿ ಅಚ್ಚು ಹಾಕಿಸುವ ಹುಚ್ಚು ಹಿಡಿಯಿತು. ನನ್ನನ್ನು ಶಾಸನ ಓದುವ ವಾಗ್ದೇವಿಯವರ ಬಳಿ ತಂದ. ಅವರು ನನ್ನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಮೂರಕ್ಷರದ ಜಾಗದಲ್ಲಿ ಎರಡು ಕೂತಿದ್ದವು. ‘ಖ’ದ ಅಡಿಯಲ್ಲಿ ‘ವಿ’ಯ ಗುಡಿಸು ಮಂಕಾಗಿ ಕಾಣುತ್ತಿತ್ತು. ಹಳೆಯ ಪಂಚಾಂಗದ ಲೆಕ್ಕ ತೆಗೆದು ನೋಡಿದರೆ, ಖರದ ಆ ಪಂಚಮಿ ಸೋಮವಾರ.

“ಗುರುವಾರ ಬರೋದು ವಿಕೃತಿಯಲ್ಲಿ. ನಿಮ್ಮ ವಂಶಾವಳಿಯಲ್ಲೇ ಮಗು ಹುಟ್ಟಿದ್ದು ಖರದ ಚೈತ್ರ ಅಂತಿದೆ, ಅಂದರೆ ಮದುವೆಯಾಗಿ ಹನ್ನೊಂದು ತಿಂಗಳಿಗೆ. ಇದನ್ನ ಯಾರೋ ಬೇಕೂಂತಲೇ ತಿದ್ದಿದ್ದಾರೆ,” ಎಂದರು.

ಓಬಳೇಶಪ್ಪ ಕೂಗಾಡಿ ನನ್ನನ್ನು ಕಿತ್ತುಕೊಂಡು ಹೋದ. ಒಂದು ತಿಂಗಳು ನನ್ನ ಮುಖ ನೋಡಲಿಲ್ಲ. ಆಮೇಲೆ ಟವೆಲಿನಲ್ಲಿ ಸುತ್ತಿ, ತಾನೇ ನಾಗತಿಯ ವಂಶದ ಹಿರಿಯಳು ತಿಪ್ಪಮ್ಮನ ಮನೆಗೆ ನಡೆದ. ಹೊಸ್ತಿಲ ಮೇಲೆ ನನ್ನನ್ನಿಟ್ಟು ಎಲ್ಲ ಹೇಳಿದ. ತಪ್ಪು ನಮ್ಮದೇ, ಇನ್ನು ಮೇಲೆ ಹೆಣ್ಣು ಕೊಟ್ಟು ತಂದು ಮಾಡೋಣ ಎಂದ.

ತಿಪ್ಪಮ್ಮ ಕೂರು ಎನ್ನಲಿಲ್ಲ.

“ತಾರೀಖು ಸರಿಹೋತು ಬಿಡಪ್ಪ. ನಮ್ಮತ್ತೆ ಹೆಣದ ಮುಂದೆ ನಿಂತು ನಿಮ್ಮಪ್ಪ ‘ಕೂಸು ಮುಂದು, ತಾಳಿ ಹಿಂದು’ ಅಂದಿದ್ದ. ಅದ್ನ ಯಾವ ಪಂಚಾಂಗ ನೋಡಿ ಸರಿಮಾಡ್ತೀಯ?”

ಅವಳು ನನ್ನನ್ನು ಎತ್ತಿಕೊಂಡು ಬಾಗಿಲು ಹಾಕಿದಳು.

ಈಗ ಅವಳ ಅಡುಗೆಮನೆಯ ಅಟ್ಟದಲ್ಲಿದ್ದೇನೆ. ಹುಣಿಸೆಹಣ್ಣಿಲ್ಲ, ಹೂವಿಲ್ಲ, ಮೈ ಹಸಿರುಗಟ್ಟುತ್ತಿದೆ. ಅಕ್ಷರದ ಮುಖವನ್ನು ಗೋಡೆಗೆ ಮಾಡಿ ನಿಲ್ಲಿಸಿದ್ದಾಳೆ. ಬಡಿದವರು ಬಡಿದರು, ತಿಕ್ಕಿದವರು ತಿಕ್ಕಿದರು. ಸುಳ್ಳು ಹೇಳಿದ ಬಾಯಿ ಮಾತ್ರ ನನ್ನದೇ. ಅವಳು ಮಾಡಿದ್ದು ಸರಿ.