ಪ್ಲಾನಿನ ಮೇಲೊಂದು ಬಟನ್

೧. ಕಥೆಯನ್ನು ಮುಂಬಾಗಿಲಿನಿಂದ ಶುರುಮಾಡುವುದು ಹಿರಿಯರ ಪದ್ಧತಿ. ಆದರೆ ಅದು ಎಲ್ಲಿದೆಯೆಂದು ಗೊತ್ತಾಗಬೇಕಲ್ಲ! ಊಟದ ಮೇಜಿನ ಮೇಲೆ ಹೊಸ ಮನೆಯ ಪ್ಲಾನು ಹರಡಿಕೊಂಡು ತಮ್ಮನೂ ಅದನ್ನೇ ಹುಡುಕುತ್ತಿದ್ದಾನೆ. ನಾಳೆ ಪಾಯ ತೋಡುತ್ತಾರೆ. ಬಾಡಿಗೆ ಕೋಣೆ ಬಿಟ್ಟು ಈ ಮನೆಗೆ ಬರಲು ಒಪ್ಪಿರುವ ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ. ಬಟ್ಟೆ ಹೊಲಿಯುವುದು ಅವಳ ಕಸುಬು.

(ಓದುಗರೇ, ನನಗೂ ಪ್ಲಾನು ಓದಲು ಬರುವುದಿಲ್ಲ. ಭಗವಂತನ ಮೇಲೆ ಭಾರ ಹಾಕಿ ಮುಂದುವರಿಯೋಣ.)

೨. "ಸೂರು ತೆಗೆದು ಮೇಲಿಂದ ನೋಡಿದ ಹಾಗೆ ಬರೆದಿರ್ತಾರೆ ಅಕ್ಕಾ." ತಮ್ಮ ಮೇಷ್ಟರಾದ.

"ಅಂದ್ರೆ ದೇವರು ನೋಡೋ ಥರ. ಪಾಪ, ಅವನಿಗೆ ಬರೀ ನೆತ್ತಿ ಕಾಣೋದು. ಅದಕ್ಕೇ ನನ್ನ ಸಪ್ಪೆ ಮುಖ ಅವನ ಕಣ್ಣಿಗೆ ಬಿದ್ದೇ ಇಲ್ಲ."

೩. (ಇಲ್ಲೊಂದು ಗಂಭೀರ ಪ್ಯಾರಾ ಇತ್ತು: ಗೋಡೆ, ಬಯಲು, ಆತ್ಮ. ಅಕ್ಕ ಆಕಳಿಸಿದಳು. ಹೊಡೆದುಹಾಕಿದೆ.)

೪. ಪ್ಲಾನಿನಲ್ಲಿ ತನ್ನ ಕೋಣೆಯೊಳಗೆ ಅಕ್ಕನಿಗೆ ಚುಕ್ಕಿಗೆರೆ ಕಂಡಿತು. ಅವಳ ಕಸುಬಿನಲ್ಲಿ ಚುಕ್ಕಿಗೆರೆ ಎಂದರೆ ಮಡಿಸುವ ಜಾಗ. ಮಡಿಸಿಯೇಬಿಟ್ಟಳು.

"ಅಯ್ಯೋ, ಅದು ಮೇಲಿನ ಅಟ್ಟ ಕಣಕ್ಕಾ! ಅಡುಗೆಮನೆ ತಗೊಂಡೋಗಿ ನನ್ನ ಮಂಚದ ಮೇಲೆ ಕೂರಿಸಿದೆಯಲ್ಲ!"

"ಮಲಗಿದಲ್ಲೇ ಊಟ. ಇನ್ನೇನು ಬೇಕೋ ನಿಂಗೆ?"

೫. ಅಕ್ಕ ಪ್ಲಾನು ಬಿಡಿಸಿ, ಹೊಲಿಗೆ ಡಬ್ಬಿಯಿಂದ ಒಂದು ಬಟನ್ ತೆಗೆದಳು. "ಇದು ನಾನು."

ಬಟನ್ ಅವಳ ಕೋಣೆಯಿಂದ ನೀರು ಕುಡಿಯಲು ಹೊರಟಿತು. ಎದುರಿಗೆ ಗೋಡೆ. ಬಲಕ್ಕೂ ಗೋಡೆ. ಸಿಕ್ಕಿದ್ದು ಒಂದೇ ಬಾಗಿಲು. ಅದು ತೆರೆಯುವುದು ತಮ್ಮ ಮತ್ತು ಅವನ ಹೆಂಡತಿ ಮಲಗುವ ಕೋಣೆಗೆ.

"ಬಾಯಾರಿದಾಗೆಲ್ಲ ನಿಮ್ಮಿಬ್ಬರನ್ನ ದಾಟ್ಕೊಂಡು ಹೋಗ್ಲಾ?"

ತಮ್ಮ ನಕ್ಕ. ಅಕ್ಕ ನಗಲಿಲ್ಲ.

"ನಂದು ಅಂತ ಒಂದು ಬಾಗಿಲಿಲ್ಲದಿದ್ರೆ ನಾನು ಬರಲ್ಲ ಕಣೋ."

೬. ಕೊನೆ ಒಂದು: ಪ್ಲಾನು ಬರೆದ ಎಂಜಿನಿಯರ್ ಓಡಿಬಂದು ಬಾಗಿಲು ಇಟ್ಟುಕೊಟ್ಟ.

"ಕರೆದ ತಕ್ಷಣ ಬರೋ ಎಂಜಿನಿಯರಾ? ರೀ ಕಥೆಗಾರರೇ, ಸುಳ್ಳಿಗೂ ಒಂದು ಅಳತೆ ಬೇಡ್ವಾ?" ಅಕ್ಕ ನನ್ನನ್ನೇ ಗದರಿದಳು.

ಕೊನೆ ಎರಡು: ಅಕ್ಕ ಬಾಡಿಗೆ ಕೋಣೆಯಲ್ಲೇ ಉಳಿದಳು.

(ತಮ್ಮ ನನ್ನ ಕೈ ಹಿಡಿದುಕೊಂಡ. "ಅದೊಂದು ಬರೀಬೇಡಿ ಸಾರ್.")

೭. ಕಡೆಗೆ ತಮ್ಮನೇ ಪೆನ್ಸಿಲ್ ಹಿಡಿದ. ಅಕ್ಕನ ಕೋಣೆಗೂ ನಡುಮನೆಗೂ ಮಧ್ಯದ ಗೋಡೆಯನ್ನು ರಬ್ಬರಿನಿಂದ ಅಷ್ಟಗಲ ಉಜ್ಜಿ, ಬಾಗಿಲಿನ ಗೆರೆ ಎಳೆದ. ಸ್ವಲ್ಪ ಸೊಟ್ಟವಾಯಿತು. ಹಳೆಯ ಬಾಗಿಲಿದ್ದಲ್ಲಿ ಗೋಡೆ ತುಂಬಿದ.

"ಇದ್ಯಾಕೋ ಎಲ್ಲ ಬಾಗಿಲೂ ಬಾಯಿ ತೆರ್ಕೊಂಡಿವೆ?"

"ಪ್ಲಾನಲ್ಲಿ ಹಾಗೇ ಬರೆಯೋದು ಕಣಕ್ಕಾ. ಹಾಕ್ಕೊಳ್ಳೋದು ಬಿಡೋದು ನಿನ್ನಿಷ್ಟ."

ಅಕ್ಕ ಬಟನ್ ತಳ್ಳಿದಳು. ಅದು ಹೊಸ್ತಿಲ ಮೇಲೆ ನಿಂತಿತು.

೮. ಸೊಟ್ಟ ಬಾಗಿಲನ್ನು ಎಂಜಿನಿಯರ್ ಒಪ್ಪುತ್ತಾನೋ, ಅಕ್ಕ ಬರುತ್ತಾಳೋ, ನನ್ನನ್ನು ಕೇಳಬೇಡಿ. ಅವಳನ್ನೇ ಕೇಳಿ. ಬಾಗಿಲು ತಟ್ಟಿ ಕೇಳಿ.