ತಮ್ಮನ ಕೈ

ಆ ಬೀದಿಯವರಿಗೆ ಅಣ್ಣತಮ್ಮಂದಿರ ಹೆಸರು ಬೇಕಾಗಿರಲಿಲ್ಲ. ಕ್ಷೌರದಂಗಡಿಯ ಕಿಟಕಿ ಪಕ್ಕದ ಕುರ್ಚಿಯವನು ದೊಡ್ಡಣ್ಣ, ಒಳಗಿನ ಕುರ್ಚಿಯವನು ಚಿಕ್ಕಣ್ಣ. ತಮ್ಮನ ಕೈಗೆ ಕತ್ತಿ ಕೊಟ್ಟವನು ದೊಡ್ಡಣ್ಣನೇ. ಮೊದಲು ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕತ್ತಿಯಾಡಿಸಲು ಕಲಿಸಿ, ಆಮೇಲೆ ತನ್ನ ಕೆನ್ನೆಯನ್ನೇ ಒಡ್ಡಿದ್ದ.

ಈಗ ಆ ಕೆನ್ನೆಯನ್ನು ದಿನವೂ ತಮ್ಮನೇ ಬೋಳಿಸುತ್ತಿದ್ದ. ದೊಡ್ಡಣ್ಣನ ಬಲಗೈ ಹೆಬ್ಬೆರಳು ಕಾಣದ ಗುಳಿಗೆಯೊಂದನ್ನು ಉರುಳಿಸುವಂತೆ ಸದಾ ಅಲ್ಲಾಡುತ್ತಿತ್ತು. ಪಾರ್ಕಿನ್ಸನ್ ಎಂದಿದ್ದರು ಡಾಕ್ಟರು. ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತು ಕೈ ಹೇಳಿದ ಮಾತು ಕೇಳುತ್ತಿತ್ತು, ಮತ್ತೆ ಅದರದೇ ರಾಜ್ಯಭಾರ. ಅಂಗಿಯ ಗುಂಡಿ ಹಾಕುವವಳು ಹೆಂಡತಿ. ಮನೆಯಲ್ಲಿ ಸುಮ್ಮನೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಚಿಕ್ಕಣ್ಣ ಬೆಳಿಗ್ಗೆ ಬಂದು ಅಣ್ಣನ ತೋಳು ಹಿಡಿದು ಅಂಗಡಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ದೊಡ್ಡಣ್ಣ ತನ್ನದೇ ಕುರ್ಚಿಯಲ್ಲಿ ಗಿರಾಕಿಯ ಹಾಗೆ ಕೂತು, ದಿನವಿಡೀ ತಮ್ಮನ ಕೈ ನೋಡುತ್ತಿದ್ದ.

ಎಂಥ ಕೈ ಅದು! ಗಂಟಲ ಗಂಟಿನ ಮೇಲೆ ಕತ್ತಿ ಹಾಯುವಾಗಲೂ ಆತುರವಿಲ್ಲ, ಅಳುಕಿಲ್ಲ. ನೋಡಿದಷ್ಟೂ ದೊಡ್ಡಣ್ಣನ ಹೊಟ್ಟೆಯಲ್ಲಿ ಕೆಂಡ ಕೂತ ಹಾಗಾಗುತ್ತಿತ್ತು. ನಾನು ಕೊಟ್ಟ ವಿದ್ಯೆ, ಮೆರೆಯುವವನು ಅವನು ಎನ್ನಿಸುತ್ತಿತ್ತು. ಅವನು ಚಹಾದ ಲೋಟವನ್ನು ಎರಡೇ ಬೆರಳಲ್ಲಿ ಹಿಡಿದರೂ ತನ್ನನ್ನು ಅಣಕಿಸಲೆಂದೇ ಹಿಡಿದ ಹಾಗೆ ಕಾಣುತ್ತಿತ್ತು.

ನಿವೃತ್ತ ಪೋಸ್ಟ್‌ಮಾಸ್ಟರು ದೊಡ್ಡಣ್ಣನ ಹಳೇ ಗಿರಾಕಿ. ಬೇರೆಯವರ ಕೈಗೆ ತಲೆ ಕೊಟ್ಟವರೇ ಅಲ್ಲ. ಒಂದು ದಿನ ಅವರು ಬಂದಾಗ ದೊಡ್ಡಣ್ಣನ ಕೈ ಮಾತ್ರೆಯ ಬಲದಿಂದ ಶಾಂತವಾಗಿತ್ತು. ಎದ್ದು ಕುರ್ಚಿ ಒರೆಸಿ, “ಬನ್ನಿ ಸಾರ್” ಎಂದ.

“ಇರಲಿ ಇರಲಿ, ಈ ಸುದ್ದಿ ಒಂದು ಓದಿಬಿಡ್ತೀನಿ” ಎಂದು ಅವರು ಪೇಪರಿನ ಹಿಂದೆ ಮುಖ ಮರೆಸಿದರು. ಒಳಗಿನ ಕುರ್ಚಿ ಖಾಲಿಯಾಗುತ್ತಲೇ ಸುದ್ದಿಯೂ ಮುಗಿಯಿತು.

ಮುಂದಿನ ಸಲ ಅವರು ಬಂದಾಗ ಚಿಕ್ಕಣ್ಣ ಚಹಾ ತರಲು ಹೋಗಿದ್ದ. ದೊಡ್ಡಣ್ಣ ಅವರ ಕಿವಿಯ ಹತ್ತಿರ ಬಗ್ಗಿದ.

“ಸಾರ್, ಅವನ ಹತ್ರ ಸ್ವಲ್ಪ ಹುಷಾರಾಗಿರಿ. ಅವನಿಗೂ ನಡುಕ ಶುರುವಾಗ್ತಾ ಇದೆ. ನಮ್ಮ ವಂಶದ್ದೇ ಹಾಗೆ.”

ಪೋಸ್ಟ್‌ಮಾಸ್ಟರು ನೌಕರಿಯಿಂದ ನಿವೃತ್ತರಾಗಿದ್ದರೇ ಹೊರತು ಬಟವಾಡೆಯಿಂದಲ್ಲ. ವಾರದೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿತು. ಗಿರಾಕಿಗಳು ಕನ್ನಡಿಯಲ್ಲಿ ತಮ್ಮ ಮುಖ ಬಿಟ್ಟು ಚಿಕ್ಕಣ್ಣನ ಬೆರಳು ನೋಡತೊಡಗಿದರು. “ಕಟಿಂಗ್ ಸಾಕು, ಗಡ್ಡ ಮನೇಲೇ ಮಾಡ್ಕೋತೀನಿ” ಎಂದರು ಕೆಲವರು. ಚಿಕ್ಕಣ್ಣ ಕಂಗಾಲಾದ. ದೊಡ್ಡಣ್ಣ ಆ ವಾರ ರಾತ್ರಿಯೂಟಕ್ಕೆ ಎರಡನೇ ಸಲ ಬಡಿಸಿಕೊಂಡು ಉಂಡ.

ಆ ಭಾನುವಾರ ತಮ್ಮನ ಹೆಂಡತಿ ಬಂದಳು. ಕಣ್ಣು ಊದಿಕೊಂಡಿತ್ತು.

“ಭಾವ, ನೀವಾದ್ರೂ ಇವರಿಗೆ ಬುದ್ಧಿ ಹೇಳಿ. ಬಚ್ಚಲ ಬಾಗಿಲು ಹಾಕ್ಕೊಂಡು ಕೈ ಚಾಚಿ ನಿಂತಿರ್ತಾರೆ, ನಡುಗತ್ತಾ ಅಂತ ನೋಡ್ಕೊಳ್ಳೋಕೆ. ನಿಮಗೆ ಕಾಯಿಲೆ ಬಂದಾಗಿಂದ್ಲೂ ಹೀಗೇ. ಈಗಂತೂ ಜನ ಏನೇನೋ ಆಡ್ಕೊಳ್ತಾರೆ, ಇವರಿಗೆ ನಿದ್ದೇನೇ ಇಲ್ಲ. ಡಾಕ್ಟರ ಹತ್ರ ಹೋಗಿ ಅಂದ್ರೆ ಅಳ್ತಾರೆ.”

ಆ ಗಟ್ಟಿ ಕೈಯೊಳಗೆ ಹೆದರಿಕೆ ಕೂತಿರಬಹುದೆಂದು ದೊಡ್ಡಣ್ಣನಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಣ್ಣ ಎಂದಿನಂತೆ ಅಣ್ಣನ ಮುಖಕ್ಕೆ ನೊರೆ ಹಚ್ಚಿದ. ಒಂದು ಕೆನ್ನೆ ಮುಗಿಸಿ ಗದ್ದಕ್ಕೆ ಬರುವಾಗ ಕತ್ತಿ ಜಾರಿತು. ನೊರೆಯ ಮೇಲೆ ರಕ್ತ ಚುಕ್ಕೆಯಾಗಿ ಹರಡಿತು. ಅಷ್ಟು ವರ್ಷದಲ್ಲಿ ಅದೇ ಮೊದಲು. ಹೇಳಲು ನಾಚಿಕೆ, ದೊಡ್ಡಣ್ಣನಿಗೆ ಆ ಕ್ಷಣ ಖುಷಿಯಾಯಿತು. ನಿನಗೂ ಬಂತಲ್ಲ! ಆಮೇಲೆ ಕನ್ನಡಿಯಲ್ಲಿ ತಮ್ಮನ ಮುಖ ಕಂಡಿತು. ಕತ್ತಿಯಾಡಿಸುವಾಗ ಬಲೂನು ಒಡೆದರೆ ಹುಡುಗನಾಗಿದ್ದಾಗಲೂ ಅವನ ಮುಖ ಹೀಗೇ ಬಿಳಿಚಿಕೊಳ್ಳುತ್ತಿತ್ತು.

“ನಿಂಗೇನೂ ಬಂದಿಲ್ಲ ಕಣೋ. ಆ ಸುದ್ದಿ ಹಬ್ಬಿಸಿದ್ದು ನಾನೇ.”

ಕತ್ತಿ ಗಾಳಿಯಲ್ಲೇ ನಿಂತಿತು. “ಯಾಕೆ?”

“ಹೊಟ್ಟೆಕಿಚ್ಚು. ನಿನ್ನ ಕೈ ನೋಡಿದ್ರೆ ಮೈಯೆಲ್ಲ ಉರಿಯತ್ತೆ.”

ಚಿಕ್ಕಣ್ಣ ಕತ್ತಿ ಒರೆಸಿಟ್ಟು ಬೀದಿಗೆ ಹೋಗಿ ಬೆನ್ನು ಹಾಕಿ ನಿಂತ. ದೊಡ್ಡಣ್ಣ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಕೂತೇ ಇದ್ದ. ನೊರೆ ಒಣಗಿ ಚರ್ಮ ಬಿಗಿಯಿತು. ಹೋಗಿಬರುವವರು ಇಣುಕಿ ನಕ್ಕರು.

ಬಹಳ ಹೊತ್ತಿನ ಮೇಲೆ ತಮ್ಮ ಒಳಗೆ ಬಂದು ಮತ್ತೆ ನೊರೆ ಕಲಸಿದ.

“ಹೀಗೇ ಬಿಟ್ಟು ಹೋಗ್ಬೇಕಿತ್ತು ನಿನ್ನ” ಎಂದ. ಉಳಿದ ಕೆನ್ನೆ ಮುಗಿಸಿ, ಗಾಯಕ್ಕೆ ಪಟಿಕದ ಕಲ್ಲು ಒತ್ತಿ, ಮುಖ ನೋಡದೆ ಹೇಳಿದ: “ಸಾಯಂಕಾಲ ಡಾಕ್ಟರ ಹತ್ರ ನನ್ನ ಜೊತೆ ಬಾ. ಒಬ್ನೇ ಹೋಗೋಕೆ ಭಯ.”

ಡಾಕ್ಟರು ಚಿಕ್ಕಣ್ಣನಿಂದ ಬೆರಳು ತಟ್ಟಿಸಿದರು, ಬರೆಸಿದರು, ಕೋಣೆಯುದ್ದ ನಡೆಸಿದರು. “ಆ ಕಾಯಿಲೆಯ ಯಾವ ಲಕ್ಷಣವೂ ಇಲ್ಲ. ನಿದ್ದೆಗೆಟ್ಟು ಹೆದರಿದೀರಿ, ಅಷ್ಟೇ” ಎಂದರು. ಚಿಕ್ಕಣ್ಣ ಅಲ್ಲೇ ಕೂತು ಬಿಕ್ಕಿದ. ದೊಡ್ಡಣ್ಣನಿಗೂ ಎದೆ ಹಗುರಾಯಿತು. ಅದರ ಬೆನ್ನಿಗೇ, ಹಾಗಾದರೆ ನನಗೊಬ್ಬನಿಗೇ ಎಂಬ ಹಳೇ ಕಿಚ್ಚು ಮತ್ತೆ ಹೊತ್ತಿತು.

ಆದರೂ ಅವನು ಕಾಲೆಳೆಯುತ್ತ ಪೋಸ್ಟ್‌ಮಾಸ್ಟರ ಮನೆಗೆ ಹೋದ. “ಸಾರ್, ನಾನು ಹೇಳಿದ್ದು ಶುದ್ಧ ಸುಳ್ಳು. ಹಂಚಿದವರು ನೀವು, ದಯವಿಟ್ಟು ನೀವೇ ವಾಪಸ್ ತರ್ಬೇಕು.”

ಅವರು ಅವನ ಕೈಯನ್ನೇ ನೋಡುತ್ತ ಕೂತರು. “ಹೋದಷ್ಟು ಬೇಗ ವಾಪಸ್ ಬರಲ್ಲಪ್ಪ. ನೋಡ್ತೀನಿ. ಆವತ್ತು ಪೇಪರ್ ಹಿಡ್ಕೊಂಡಿದ್ದು ನಂದೂ ತಪ್ಪೇ” ಎಂದರು.

ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಒಂದಿಬ್ಬರು ಬರಲೇ ಇಲ್ಲ. ಚಿಕ್ಕಣ್ಣ ಬಹಳ ದಿನ ಅಣ್ಣನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡಿದ. ಕರೆದುಕೊಂಡು ಹೋಗುವುದು, ಬೋಳಿಸುವುದು ಮಾತ್ರ ತಪ್ಪಲಿಲ್ಲ.

ಒಂದು ಬೆಳಿಗ್ಗೆ ಅಣ್ಣನ ಗದ್ದ ಎತ್ತಿ ಹಿಡಿದು ಕೇಳಿದ: “ಈಗ್ಲೂ ಉರಿಯತ್ತಾ?”

“ಉರಿಯತ್ತೆ.”

“ಉರೀಲಿ. ಮುಖ ಅಲ್ಲಾಡಿಸ್ಬೇಡ” ಎಂದು ಚಿಕ್ಕಣ್ಣ ಕತ್ತಿಯಾಡಿಸಿದ.