ಬಾಗಿಲ ಹಿಂದಿನ ನಾಟಕ

ಒಳ್ಳೆಯ ಸುದ್ದಿ ಇಲ್ಲದ ಮನುಷ್ಯನೇ ಇಲ್ಲ ಎಂದು ಲೋರ್ನಾ ಟ್ವೇಟ್ ನಂಬಿದ್ದಳು. ಅಯೋವಾದ ಆ ವಿಶ್ವವಿದ್ಯಾಲಯದ ವಸತಿ ವಿಭಾಗದಲ್ಲೇ ಕೂದಲು ನರೆಸಿಕೊಂಡವಳು ಅವಳು. ಹಾಸ್ಟೆಲಿನ ಪ್ರತಿ ಮಹಡಿಗೂ ಒಬ್ಬ ವಿದ್ಯಾರ್ಥಿಯನ್ನೇ ಮೇಲ್ವಿಚಾರಕನಾಗಿ ಇಡುವುದು ಅಲ್ಲಿನ ಪದ್ಧತಿ. ಕೋಣೆ ಉಚಿತ, ಊಟ ಉಚಿತ. ಬದಲಿಗೆ ಕುಡಿದು ಬಿದ್ದವರನ್ನು ಎತ್ತಬೇಕು, ಅಳುವವರನ್ನು ಸಮಾಧಾನ ಮಾಡಬೇಕು, ಜಗಳ ಬಿಡಿಸಬೇಕು. ಹಾಗೆ ದುಡಿದು ಹೊರಹೋದವರೆಲ್ಲ ಲೋರ್ನಾಳ ಪಾಲಿಗೆ ಮನೆ ಬಿಟ್ಟು ಹೋದ ಮಕ್ಕಳು. ಅವರಿಗಾಗಿ 'ಹಳಬರ ಸುದ್ದಿ' ಎಂಬ ಪತ್ರಿಕೆ ಹೊರಡಿಸುತ್ತಿದ್ದಳು. ಯಾರು ಮದುವೆಯಾದರು, ಯಾರಿಗೆ ಮಗು ಹುಟ್ಟಿತು, ಯಾರು ಯಾವ ಊರಿನಲ್ಲಿ ಯಾವ ಹುದ್ದೆಗೆ ಸೇರಿದರು ಎಲ್ಲವೂ ಅದರಲ್ಲಿ ಬರುತ್ತಿತ್ತು. ವಿಚ್ಛೇದನ, ಕಾಯಿಲೆ, ಕೋರ್ಟು ಕಚೇರಿ ಬರುತ್ತಿರಲಿಲ್ಲ. ಅವನ್ನು ಯಾರೂ ಬರೆದು ಕಳಿಸುವುದಿಲ್ಲ, ಲೋರ್ನಾ ಕೇಳುತ್ತಲೂ ಇರಲಿಲ್ಲ.

ಆ ಮಕ್ಕಳಲ್ಲೆಲ್ಲ ಅವಳಿಗೆ ಡಾರ್ಸಿ ವಿಲ್ಹೆಲ್ಮ್ ಎಂದರೆ ಒಂದು ತೂಕ ಹೆಚ್ಚು. ಡಾರ್ಸಿ ನಾಲ್ಕನೇ ಮಹಡಿ ನೋಡಿಕೊಳ್ಳುತ್ತಿದ್ದಾಗ ಕರ್ಟ್ ಸ್ಟೋಲ್ ಮೂರನೆಯದನ್ನು ನೋಡಿಕೊಳ್ಳುತ್ತಿದ್ದ. ಇಬ್ಬರೂ ಮದುವೆಯಾದಾಗ ಲೋರ್ನಾ ಅವರ ಫೋಟೊವನ್ನು ಪತ್ರಿಕೆಯ ಮೊದಲ ಪುಟದಲ್ಲೇ ಹಾಕಿ, ಜೋಡಿ ಕಟ್ಟಿದವಳು ತಾನೇ ಎಂಬಂತೆ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಆಮೇಲೆ ಕೆಲವು ವರ್ಷ ಡಾರ್ಸಿಯ ಸುದ್ದಿಯೇ ಇರಲಿಲ್ಲ. ಕರ್ಟ್ ಮಾತ್ರ ಪ್ರತಿ ಕ್ರಿಸ್‌ಮಸ್ಸಿಗೂ ತಪ್ಪದೆ ಬರೆಯುತ್ತಿದ್ದ: ನಾವು ಚೆನ್ನಾಗಿದ್ದೇವೆ, ಡಾರ್ಸಿ ನಿಮ್ಮನ್ನು ಕೇಳಿದ್ದಾಳೆ.

ಈ ಬೇಸಿಗೆಯಲ್ಲಿ ಡಾರ್ಸಿ ತಾನಾಗಿ ಫೋನ್ ಮಾಡಿದಳು. ಹತ್ತಿರದ ಊರಿಗೇ ಬಂದಿದ್ದೇನೆ, ಆಗಸ್ಟಿನ ತರಬೇತಿಗೆ ಬಂದು ಹೊಸಬರ ಮುಂದೆ ಒಂದು ಪಾತ್ರ ಮಾಡಿ ಹೋಗುತ್ತೇನೆ ಎಂದಳು. ಲೋರ್ನಾ ಕುಣಿದಾಡಿದಳು.

"ಒಂದು ಮಾತು ಲೋರ್ನಾ, ನನ್ನ ಹೆಸರು ಮಾತ್ರ ಪತ್ರಿಕೇಲಿ ಹಾಕ್ಬೇಡಿ."

"ಯಾಕೇ ಹುಡುಗಿ? ಎಲ್ರೂ ನಿನ್ನ ಕೇಳ್ತಿರ್ತಾರೆ ಗೊತ್ತಾ?"

"ಬೇಡ ಅಂದ್ರೆ ಬೇಡ. ಸುಮ್ನೆ ಬಂದು ಹೋಗ್ತೀನಿ. ಪ್ಲೀಸ್."

ಹೀಗೆ ನಾಚಿಕೊಳ್ಳುವವರನ್ನು ಲೋರ್ನಾ ಬೇಕಾದಷ್ಟು ಕಂಡಿದ್ದಳು. ಮೊದಲು ಬೇಡ ಬೇಡ ಎನ್ನುತ್ತಾರೆ, ಅಚ್ಚಾದ ಮೇಲೆ ಅಮ್ಮನಿಗೂ ಅತ್ತೆಗೂ ಕಳಿಸಿ ಹಿಗ್ಗುತ್ತಾರೆ. ಜುಲೈ ಸಂಚಿಕೆಯಲ್ಲಿ ಡಾರ್ಸಿಯ ಹೆಸರು, ಅವಳು ಬರುವ ದಿನ, ಅವಳು ಇರುವ ಕಟ್ಟಡ ಎಲ್ಲವೂ ಬಂತು. 'ಬಂದು ಅಪ್ಪಿಕೊಳ್ಳಿ!' ಎಂದು ಕೆಳಗೊಂದು ಸಾಲು ಬೇರೆ. ಡಾರ್ಸಿ ಗಂಡನ ಹೊಡೆತ ತಾಳಲಾರದೆ ಉಟ್ಟ ಬಟ್ಟೆಯಲ್ಲೇ ಓಡಿಹೋದವಳು, ಅವನಿಗೆ ಸುಳಿವು ಸಿಗದ ಹಾಗೆ ಊರಿಂದೂರಿಗೆ ಮನೆ ಬದಲಿಸಿದವಳು ಎಂಬುದು ಲೋರ್ನಾಳಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಿದ್ದರೆ 'ಯಾಕೇ' ಎಂದು ಕೇಳಿದ ಮೇಲೆ ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆ ಅಭ್ಯಾಸ ಅವಳಿಗಿರಲಿಲ್ಲ. ಪತ್ರಿಕೆ ಕರ್ಟ್‌ಗೂ ಹೋಯಿತು. ಅವನೂ ಹಳಬನೇ ತಾನೆ.

ಆಗಸ್ಟಿನ ಆ ತರಬೇತಿಗೆ 'ಬಾಗಿಲ ಹಿಂದೆ' ಎಂದು ಹೆಸರು. ವಿದ್ಯಾರ್ಥಿಗಳು ಬರುವ ಮುಂಚೆ ಖಾಲಿ ಹಾಸ್ಟೆಲಿನ ಕೋಣೆಗಳಲ್ಲಿ ಹಳಬರು ಒಂದೊಂದು ಅನಾಹುತವನ್ನು ಅಭಿನಯಿಸುತ್ತಾರೆ. ಒಂದರಲ್ಲಿ ಕುಡಿದು ಮೈಮರೆತವನು, ಇನ್ನೊಂದರಲ್ಲಿ ಮಾತ್ರೆ ನುಂಗಿದವಳು, ಮತ್ತೊಂದರಲ್ಲಿ ಗೆಳತಿಯನ್ನು ಬಡಿಯುವವನು. ಹೊಸ ಮೇಲ್ವಿಚಾರಕರು ಬಾಗಿಲು ತಟ್ಟಿ ಒಳಗಿನದನ್ನು ನಿಭಾಯಿಸಬೇಕು. ತಮ್ಮ ಹೆಸರು ಹೇಳಬೇಕು, ಬಾಗಿಲು ತೆರೆದಿಡಬೇಕು, ಮೆಲುದನಿಯಲ್ಲಿ ಮಾತಾಡಬೇಕು, ನಡುವೆ ಮೈ ಒಡ್ಡಬಾರದು. ನಿಲ್ಲಿಸುವ ಅಧಿಕಾರ ಲೋರ್ನಾಳ ಕೊರಳಿನ ಸೀಟಿಗೆ ಮಾತ್ರ. ಅಭಿನಯಿಸುವವರಿಗೆ ಅವಳು ಪ್ರತಿ ವರ್ಷ ಒಂದೇ ಪಾಠ ಹೇಳುತ್ತಿದ್ದಳು: "ಬೇಡ್ಕೊಳ್ಳಿ, ಕಿರುಚಿ, 'ಇದು ನಾಟಕ ಅಲ್ಲ' ಅನ್ನಿ. ಹೊಸಬರ ಎದೆ ಒಂದ್ಸಲ ಧಸಕ್ ಅನ್ಬೇಕು. ಆಮೇಲೆ ನಿಜ ಬಂದಾಗ ಹೆದರಲ್ಲ."

ಆ ದಿನ ಬೆಳಗ್ಗೆ ಹಾಸ್ಟೆಲಿನ ಹಜಾರದಲ್ಲಿ ಡೋನಟ್ ಡಬ್ಬಿಗಳನ್ನು ತೆರೆದಿಟ್ಟು, ಬಂದವರ ಎದೆಗೆ ಹೆಸರಿನ ಚೀಟಿ ಅಂಟಿಸುತ್ತ ನಿಂತಿದ್ದಳು ಲೋರ್ನಾ. ಏಟು ತಿನ್ನುವ ಗೆಳತಿಯ ಪಾತ್ರ ಡಾರ್ಸಿಯದು, ಆಗಲೇ ಮೇಲೆ ಹೋಗಿ ಮುಖಕ್ಕೆ ಬಣ್ಣ ಬಳಿದುಕೊಂಡಿದ್ದಳು. ಬಡಿಯುವ ಗೆಳೆಯನ ಪಾತ್ರಕ್ಕೆ ಓವೆನ್ ಎಂಬ ಇನ್ನೊಬ್ಬ ಹಳಬ. ಇರುವೆ ತುಳಿಯಲೂ ಹೆದರುವ ಆಸಾಮಿ, ಡಾರ್ಸಿಯ ತುಟಿಗೆ ಸಕ್ಕರೆ ಪಾಕ, ಕೆಂಪು ಬಣ್ಣ ಕಲಸಿ ಹಚ್ಚುವಾಗ "ನೋವಾಯ್ತಾ?" ಎಂದು ಕೇಳಿದ್ದ.

ಹೊರಗಿನ ಬಾಗಿಲಿನಿಂದ ಕರ್ಟ್ ಬಂದ. ಕ್ಷೌರ ಮಾಡಿ, ಇಸ್ತ್ರಿಯ ಅಂಗಿ ಹಾಕಿದ್ದ.

"ಅಯ್ಯೋ ಕರ್ಟ್! ನೀನು ಬರ್ತೀಯ ಅಂತ ಅವಳು ಹೇಳ್ಲೇ ಇಲ್ಲ ಕಣೋ!" ಲೋರ್ನಾ ಅವನನ್ನು ಬಾಚಿ ತಬ್ಬಿಕೊಂಡಳು.

"ಅವಳಿಗೆ ಗೊತ್ತಿಲ್ಲ. ಸುಮ್ನೆ ಖುಷಿ ಕೊಡೋಣ ಅಂತ."

"ಏನು ಪ್ರೀತಿ ಮಾರಾಯ! ನಾಲ್ಕನೇ ಮಹಡಿ, ಮೂಲೆ ಕೋಣೆ. ಹೋಗು, ಹೋಗು, ಇನ್ನೇನು ಶುರುವಾಗುತ್ತೆ."

ಅವನ ಎದೆಗೆ ಚೀಟಿ ಅಂಟಿಸಿ, ಗಟ್ಟಿಯಾಗಿ ಒತ್ತಿ ಕಳಿಸಿದವಳು ಅವಳೇ. ಮೇಲೆ ಅವನು ಓವೆನ್‌ನನ್ನು ಹೊರಗೆ ಕರೆದು, ಈ ಪಾತ್ರ ನನಗೆ ಕೊಟ್ಟಿದ್ದಾರೆ, ನೀನು ಕೆಳಗೆ ಹೋಗಿ ಕಾಫಿ ಕುಡಿ ಎಂದ. ಓವೆನ್‌ಗೆ ಬದುಕಿದೆಯಾ ಬಡಜೀವವೇ ಎನಿಸಿತು. ಕರ್ಟ್ ಒಳಗೆ ಹೋದ, ಬಾಗಿಲು ಎಳೆದುಕೊಂಡ.

ಲೋರ್ನಾ ಹೊಸಬರ ಗುಂಪನ್ನು ಕರೆದುಕೊಂಡು ಹತ್ತಿ ಬರುವಷ್ಟರಲ್ಲಿ ಒಳಗಿಂದ ಕುರ್ಚಿ ಉರುಳಿದ ಸದ್ದು, ಹೆಣ್ಣಿನ ಚೀರು ಕೇಳಿಬಂತು. ಹುಡುಗರ ಮುಖ ಬಿಳಿಚಿತು. ಲೋರ್ನಾಳ ಮುಖ ಅರಳಿತು.

"ಕೇಳಿಸ್ತಾ? ಹಳಬರು ಅಂದ್ರೆ ಹೀಗೆ. ಇಮಾನಿ, ಈ ಸಲ ನಿಂದು. ತಟ್ಟು."

ಇಮಾನಿ ಗ್ರಿಗ್ಸ್ ಎರಡನೇ ವರ್ಷದ ಹುಡುಗಿ. ಬಾಗಿಲು ತಟ್ಟಿದಳು, ಹೆಸರು ಹೇಳಿದಳು, ತಳ್ಳಿ ತೆರೆದಳು. ಕರ್ಟ್ ಡಾರ್ಸಿಯ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು ಅವಳ ಮುಖವನ್ನು ಮೇಜಿನ ಅಂಚಿಗೆ ಬಡಿಯುತ್ತಿದ್ದ. ಒಂದು ಸಲ ಬಡಿದು, ಎತ್ತಿ ನೋಡಿ, ಮತ್ತೆ ಬಡಿದ. ಓವೆನ್ ಬದಲು ಕರ್ಟ್ ಇದ್ದದ್ದು ಕಂಡು, ಗಂಡ ಹೆಂಡತಿ ಸೇರಿಯೇ ಪಾತ್ರ ಮಾಡುತ್ತಿದ್ದಾರೆ ಎಂದು ಲೋರ್ನಾ ಹಿಗ್ಗಿದಳು.

"ನನ್ನಿಂದ ಓಡಿ ಹೋಗ್ತೀಯೇನೇ? ಎಲ್ಲಿಗೆ ಹೋಗ್ತೀಯೇ? ಹೇಳೇ!"

"ಸಹಾಯ ಮಾಡಿ... ಇದು ನಾಟಕ ಅಲ್ಲ... ನಾಟಕ ಅಲ್ಲ..." ಡಾರ್ಸಿಯ ಬಾಯಿಂದ ಮಾತಿನ ಜೊತೆ ರಕ್ತದ ಗುಳ್ಳೆ ಬರುತ್ತಿತ್ತು.

"ಸರ್, ನನ್ನ ಹೆಸರು ಇಮಾನಿ," ಎಂದಳು ಹುಡುಗಿ ಕಲಿಸಿದ ಮೆಲುದನಿಯಲ್ಲಿ. "ನಿಮಗೆ ತುಂಬ ಸಿಟ್ಟು ಬಂದಿದೆ ಅಂತ ಕಾಣ್ಸುತ್ತೆ. ಅವರನ್ನ ಬಿಟ್ಟು, ನನ್ನ ಹತ್ರ ಮಾತಾಡ್ತೀರಾ?"

ಕರ್ಟ್ ತಿರುಗಿ ನೋಡಿ ನಕ್ಕ. ಮೇಜಿನ ದೀಪದ ಕಂಬವನ್ನು ಕಿತ್ತು ಡಾರ್ಸಿಯ ಪಕ್ಕೆಗೆ ಬೀಸಿದ. ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವಳು ಕುಸಿದು ಬಾಗಿಲ ಕಡೆ ತೆವಳಿದಳು. ಅವನು ಕಾಲು ಹಿಡಿದು ಒಳಗೆಳೆದು, ಚಾಚಿದ ಕೈಯ ಬೆರಳುಗಳ ಮೇಲೆ ಬೂಟಿನ ಹಿಮ್ಮಡಿ ಊರಿ ನಿಂತ. ಅವಳ ಕಣ್ಣು ಲೋರ್ನಾಳನ್ನು ಹುಡುಕಿತು, ಹಿಡಿಯಿತು. "ಲೋರ್ನಾ," ಎಂದಳು. ಲೋರ್ನಾ ಮೆಚ್ಚಿ ತಲೆಯಾಡಿಸಿದಳು.

ಇಮಾನಿ ಹಿಂದಕ್ಕೆ ಬಂದು ಅವಳ ತೋಳು ಹಿಡಿದುಕೊಂಡಳು. "ಇದು ನಿಜ ಅನ್ಸುತ್ತೆ. ನಿಲ್ಸಿ, ದಯವಿಟ್ಟು ನಿಲ್ಸಿ."

"ಹಾಗೆ ಅನ್ನಿಸ್ಬೇಕು ಅಂತ್ಲೇ ಅವರು ಮಾಡ್ತಿರೋದು ಪುಟ್ಟ. ಚೆನ್ನಾಗಿ ಮಾಡ್ತಿದೀಯ. ಹೋಗು, ಮುಂದುವರ್ಸು."

ಹೇಳಿ ಮುಗಿಸುವಾಗ ನೆಲದ ಮೇಲೆ ಹರಿದು ಬಂದ ನೀರು ಅವಳ ಕಣ್ಣಿಗೆ ಬಿತ್ತು. ಡಾರ್ಸಿಯ ಪ್ಯಾಂಟು ತೊಡೆಯಿಂದ ಕೆಳಗೆ ಒದ್ದೆಯಾಗಿತ್ತು. ಉಚ್ಚೆಯ ವಾಸನೆ ಮೂಗಿಗೆ ಬಡಿಯಿತು. ಎಷ್ಟು ದೊಡ್ಡ ನಟಿಯಾದರೂ ಹೊಸ ಮೇಲ್ವಿಚಾರಕರ ತರಬೇತಿಗೆಂದು ಯಾರೂ ಉಚ್ಚೆ ಹೊಯ್ದುಕೊಳ್ಳುವುದಿಲ್ಲ. ಫೋನಿನಲ್ಲಿ ಬೇಡ ಅಂದ್ರೆ ಬೇಡ ಎಂದ ದನಿ ಲೋರ್ನಾಳ ಕಿವಿಯೊಳಗೆ ಕೇಳಿತು, ಮತ್ತು ಆ 'ಯಾಕೆ'ಗೆ ಉತ್ತರ ಅಲ್ಲೇ, ಬೂಟಿನಡಿ ನರಳುತ್ತ ಬಿದ್ದಿತ್ತು.

ಸೀಟಿ ಊದಿದಳು. ಉಸಿರು ಕಟ್ಟುವ ತನಕ ಊದಿದಳು. ಕರ್ಟ್ ತಲೆ ಎತ್ತಲಿಲ್ಲ. ಡಾರ್ಸಿಯ ಎದೆಯ ಮೇಲೆ ಕೂತು ಎರಡೂ ಕೈಯಲ್ಲಿ ಅವಳ ಕತ್ತು ಹಿಚುಕತೊಡಗಿದ್ದ. ಡಾರ್ಸಿಯ ಹಿಮ್ಮಡಿಗಳು ನೆಲಕ್ಕೆ ಬಡಿಯುತ್ತಿದ್ದವು.

"ಪೊಲೀಸರನ್ನ ಕರೀರೋ! ನಿಜವಾದ ಪೊಲೀಸರನ್ನ!" ಎಂದು ಲೋರ್ನಾ ಅರಚಿದಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೂ ಪಾಠದ ಭಾಗವಿರಬೇಕು ಎಂದುಕೊಂಡರೇನೋ, ಯಾರೂ ಕದಲಲಿಲ್ಲ. ತಪ್ಪು ಅವರದಲ್ಲ, ಅವರಿಗೆ ಅದನ್ನೇ ಕಲಿಸಿದ್ದು. ಇಮಾನಿಯೊಬ್ಬಳೇ ಫೋನ್ ತೆಗೆದಳು.

ಗೋಡೆಯಲ್ಲಿ ನೇತುಬಿಟ್ಟಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಲೋರ್ನಾ ಕಿತ್ತುಕೊಂಡಳು. ಮಂಡಿನೋವಿನ ಹೆಂಗಸು, ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲುವವಳು, ಈಗ ಅದನ್ನು ತಲೆಯ ಮೇಲಕ್ಕೆತ್ತಿ ಕರ್ಟ್‌ನ ಬೆನ್ನಿಗೆ ಇಳಿಸಿದಳು. ಅವನು ಗುಟುರು ಹಾಕಿ ತಿರುಗಿದ. ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ಹಿಂದಿದ್ದ ಹುಡುಗರಲ್ಲಿ ಯಾರೋ ಇಬ್ಬರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಗೆ ಅವಳಿಗೆ ಹುಚ್ಚೇ ಹಿಡಿಯಿತು. ಕರ್ಟ್ ಡಾರ್ಸಿಯ ಪಕ್ಕಕ್ಕೆ ಉರುಳಿದ್ದ. ಅವನ ಮುಖಕ್ಕೆ ಹಾಕಿದಳು. ಹಲ್ಲು ಮುರಿದದ್ದು ಕೈಗೆ ತಿಳಿಯಿತು, ಹಿತವೂ ಆಯಿತು. ಅಡ್ಡ ಹಿಡಿದ ತೋಳಿಗೆ ಹಾಕಿದಳು, ತೋಳು ಮಡಿಸಬಾರದ ಕಡೆ ಮಡಿಸಿಕೊಂಡಿತು. "ಖುಷಿ ಕೊಡೋಕೆ ಬಂದ್ಯಾ? ಖುಷಿ ಕೊಡೋಕೆ?" ಎಂದು ಒಂದೊಂದು ಏಟಿಗೂ ಕೇಳಿದಳು. ಅವನು ಕದಲುವುದು ನಿಂತಿತು. ಅವನ ಎದೆಯ ಮೇಲೆ ತಾನೇ ಅಂಟಿಸಿದ್ದ ಚೀಟಿ ರಕ್ತದಲ್ಲಿ ಒದ್ದೆಯಾಗಿ ಕಂಡಿತು. ನೆತ್ತಿಗೆ ಗುರಿಯಿಟ್ಟು ಮತ್ತೆ ಸಿಲಿಂಡರ್ ಎತ್ತಿದಳು.

"ಲೋರ್ನಾ," ಎಂದು ಮೆಲ್ಲಗೆ ಕರೆದಳು ಇಮಾನಿ. ಬಾಗಿಲ ಬಳಿಯೇ ನಿಂತಿದ್ದಳು, ಎರಡೂ ಅಂಗೈ ಕಾಣುವ ಹಾಗೆ. "ನಾನು ಇಮಾನಿ. ನಿಮಗೆ ತುಂಬ ಸಿಟ್ಟು ಬಂದಿದೆ. ಅವನು ಏಳಲ್ಲ ಈಗ. ಅದನ್ನ ಕೆಳಗಿಡ್ತೀರಾ? ಡಾರ್ಸಿಗೆ ನೀವು ಬೇಕು."

ಲೋರ್ನಾ ಸಿಲಿಂಡರ್ ನೆಲಕ್ಕಿಟ್ಟು ಅಲ್ಲೇ ಕೂತಳು. ಡಾರ್ಸಿಯ ತಲೆಯನ್ನು ತೊಡೆಯ ಮೇಲೆಳೆದುಕೊಂಡು, ಅವಳು ಉಸಿರಾಡುತ್ತಿದ್ದಾಳೆ ಎಂದು ಗೊತ್ತಾದಾಗ ಮಗುವಿನ ಹಾಗೆ ಗೊಳೋ ಎಂದು ಅತ್ತಳು.

ಮೂರು ದಿನ ಡಾರ್ಸಿಯ ಬಳಿ ಯಾರನ್ನೂ ಬಿಡಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಲೋರ್ನಾ ಆಸ್ಪತ್ರೆಗೆ ಹೋದಳು. ಹೂವು ಒಯ್ಯಲು ಮನಸ್ಸಾಗಲಿಲ್ಲ. ಡಾರ್ಸಿಯ ಮುಖದ ಅರ್ಧ ಬಟ್ಟೆಯೊಳಗಿತ್ತು, ಕೈಗೆ ಕಟ್ಟು ಹಾಕಿದ್ದರು. ಬಾಯಿಯ ಒಂದು ಬದಿಯಿಂದ ಮಾತ್ರ ಮಾತು ಹೊರಡುತ್ತಿತ್ತು.

"ಅವನು ಸತ್ನಾ?"

"ಇಲ್ಲ. ಬುರುಡೆ ಬಿರುಕು ಬಿಟ್ಟಿದೆಯಂತೆ. ಉಳ್ಕೋತಾನೆ ಅಂತಾರೆ. ಪೊಲೀಸರು ಅವನ ಕೋಣೆ ಬಾಗಿಲಲ್ಲೇ ಇದಾರೆ, ಜೈಲಿಗೆ ಹಾಕೇ ಹಾಕ್ತಾರೆ. ವರ್ಷಗಟ್ಟಲೆ."

"ಆಮೇಲೆ?"

ಡಾರ್ಸಿ ಚಾವಣಿ ನೋಡುತ್ತ ಮಲಗಿದ್ದಳು.

"ಇನ್ನೊಂದು ಏಟು ಹಾಕ್ಬೇಕಿತ್ತು ನೀವು."

"ಆ ಹುಡುಗಿ ನಿಲ್ಸಿದ್ಲು. ಕಲಿಸಿದ್ದನ್ನೇ ಮಾಡಿದ್ಲು."

"ಹೂಂ. ಒಳ್ಳೆ ಹುಡುಗಿ."

"ಡಾರ್ಸಿ, ಅವನಿಗೆ ಹೇಳಿದ್ದು ನಾನೇ. ಪತ್ರಿಕೇಲಿ ಹಾಕ್ದೆ. ಕೋಣೇನೂ ನಾನೇ ತೋರಿಸ್ದೆ. ನಂಗೆ ಗೊತ್ತಿರ್ಲಿಲ್ಲ ಕಣೇ."

"ಗೊತ್ತು. ಅವನೇ ಹೇಳ್ದ, ಹೊಡೀವಾಗ. ನಿನ್ನ ಲೋರ್ನಾನೇ ಕಳ್ಸಿದ್ಲು ಅಂದ."

ಲೋರ್ನಾ ಮಂಚದ ಕಂಬಿ ಹಿಡಿದುಕೊಂಡಳು. ಕ್ಷಮಿಸು ಎಂಬ ಮಾತು ಇಲ್ಲಿಗೆ ಸಾಲದು ಎನಿಸಿತು. ಅಭ್ಯಾಸಬಲದಿಂದ ಕೇಳಿಬಿಟ್ಟಳು.

"ಇಲ್ಲಿಂದ ಬಿಟ್ಮೇಲೆ ಎಲ್ಲಿಗೆ ಹೋಗ್ತೀಯ?"

ಡಾರ್ಸಿ ಕುತ್ತಿಗೆ ಹೊರಳಿಸಿ, ತೆರೆದಿದ್ದ ಒಂದೇ ಕಣ್ಣಿನಿಂದ ಅವಳನ್ನು ನೋಡಿದಳು. ಆ ಕಣ್ಣಲ್ಲಿ ದ್ವೇಷವಿರಲಿಲ್ಲ. ಇದ್ದಿದ್ದರೆ ಲೋರ್ನಾ ತಡೆದುಕೊಳ್ಳುತ್ತಿದ್ದಳು.

"ನಿಮಗೆ ಹೇಳಲ್ಲ ಲೋರ್ನಾ," ಎಂದಳು ಡಾರ್ಸಿ.